ಮಾಸ್ತರ ಗಾಡಿಯ ಉಸಿರು

ನಮ್ಮ ಸೋದರಮಾವ ದೆವ್ವಕ್ಕೆ ಹೆದರುವವರಲ್ಲ. ದೆವ್ವಗಳೇ ಅವರಿಗೆ ಹೆದರಿ ಅಫಜಲಪುರ ತಾಲ್ಲೂಕು ಬಿಟ್ಟು ಹೋಗಿವೆ ಎಂದು ನಮ್ಮ ಮನೆಯಲ್ಲೊಂದು ಮಾತಿದೆ. ಹೋಗದೆ ಏನು ಮಾಡಿಯಾವು ಹೇಳಿ! ಕೈಗೆ ಸಿಕ್ಕಿದ್ದು ಏನೇ ಇರಲಿ, ಅದರ ಸ್ಕ್ರೂ ಎಲ್ಲಿದೆ ಎಂದು ಹುಡುಕಿ, ಬಿಚ್ಚಿ, ತೊಳೆದು, ಬಿಸಿಲಿಗೆ ಹರಡುವ ಮನುಷ್ಯ ಅವರು. ಆ ಗತಿ ಯಾವ ದೆವ್ವಕ್ಕೆ ಬೇಕು?

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಮೇಲೆ ಮಾಮಾ ಅಫಜಲಪುರದ ತಮ್ಮ ಮನೆಯ ಅಂಗಳವನ್ನೇ ವರ್ಕ್‌ಶಾಪು ಮಾಡಿಕೊಂಡರು. ಎಂಜಿನ್ ಸದ್ದಿಗೆ ಎಡಗಿವಿ ಎಂದೋ ಹೋಗಿದೆ. ಬಲಗಿವಿ ಇದೆ, ಆದರೆ ಅದನ್ನು ಮನುಷ್ಯರ ಮಾತು ಕೇಳಲು ಸವೆಸುವುದು ಅವರಿಗೆ ಇಷ್ಟವಿಲ್ಲ. ಎರಡು ಮೊಳದ ಕರಿ ರಬ್ಬರ್ ಪೈಪೊಂದನ್ನು ಹೆಗಲ ಮೇಲೆ ಹಾಕಿಕೊಂಡೇ ತಿರುಗುತ್ತಾರೆ. ಒಂದು ತುದಿ ಬಲಗಿವಿಗೆ, ಇನ್ನೊಂದು ತುದಿ ಕಂಡದ್ದಕ್ಕೆ. ಮಿಕ್ಸರಿಗೆ, ನೀರಿನ ಮೋಟಾರಿಗೆ, ಎಮ್ಮೆಯ ಹೊಟ್ಟೆಗೆ. ನನ್ನ ಚಿಕ್ಕಮ್ಮನ ಮಗಳನ್ನು ನೋಡಲು ಬಂದ ವರನ ಎದೆಗೂ ಒಮ್ಮೆ ಇಟ್ಟರು! ಕಣ್ಣು ಮುಚ್ಚಿ ಕೇಳಿ, ಎಲ್ಲರೆದುರು, "ನಿಂತಲ್ಲೇ ಆಯ್ಡ್ಲಿಂಗ್ ಭಾಳ ಜೋರದ. ಇಂಥವ್ರು ಜಲ್ದಿ ಬಿಸಿ ಆಗ್ತಾರ, ನೋಡ್ರಿ ಮತ್ತ" ಎಂದರು. ಪಾಪ, ಆ ಹುಡುಗ ಹೆದರಿದ್ದ ಅಷ್ಟೆ. ಮದುವೆ ಆಯಿತು. ಆದರೆ ಇಂದಿಗೂ ಅವನು ಮಾಮಾ ಬಂದರೆ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾನೆ.

ಅತನೂರಿನಲ್ಲಿ ನಡೆದದ್ದನ್ನು ಮಾತ್ರ ಯಾರೂ ನಗುತ್ತ ಹೇಳುವುದಿಲ್ಲ. ಅಲ್ಲೊಬ್ಬ ಮುದುಕಿ ತೀರಿಕೊಂಡಳೆಂದು ಸುದ್ದಿ ಬಂದು ಮಾಮಾ ಹೋದರು. ಹೆಣ ಪಡಸಾಲೆಯಲ್ಲಿತ್ತು. ಹೆಂಗಸರು ಹಾಡಿಕೊಂಡು ಅಳುತ್ತಿದ್ದರು, ಬಾಗಿಲಲ್ಲಿ ಹಲಗೆ ಬಾರಿಸುವವರು ಚರ್ಮ ಬಿಗಿಯಾಗಲೆಂದು ಹಲಗೆಯನ್ನು ಬೆಂಕಿಗೆ ಕಾಸುತ್ತಿದ್ದರು. ಕೈಮುಗಿಯಲು ಬಗ್ಗಿದ ಮಾಮಾ ಬಗ್ಗಿದಲ್ಲೇ ಪೈಪು ತೆಗೆದರು. ಯಾರಾದರೂ ತಡೆಯುವ ಮೊದಲೇ ಅದು ಮುದುಕಿಯ ಎದೆಯ ಮೇಲಿತ್ತು. ಎಷ್ಟೋ ಹೊತ್ತು ಅವರು ಅಲ್ಲಾಡಲಿಲ್ಲ. ಅಳು ತಾನಾಗಿಯೇ ನಿಂತಿತು. ಆ ನಿಶ್ಶಬ್ದದಲ್ಲಿ ಮಾಮಾ ಕೈಯೆತ್ತಿ ಹೇಳಿದರು: "ಹಲಗಿ ನಿಂದ್ರಸ್ರಿ. ಒಳಗ ಸಣ್ಣಗ ಚಾಲೂ ಅದ."

ಸಂಜೆ ಮುದುಕಿ ಕಣ್ಣು ಬಿಟ್ಟು ಚಾ ಕೇಳಿದಳು. ಮುಂದೆ ನಾಲ್ಕು ವರ್ಷ ಬದುಕಿದಳು. ಅವಳ ಸೊಸೆಯಂದಿರು ಈಗಲೂ ಮಾಮಾಗೆ ಕುಡಿಯಲು ನೀರು ಕೊಡುವುದಿಲ್ಲ!

ಇಂಥವರ ಅಂಗಳಕ್ಕೆ ಕಳೆದ ಚಳಿಗಾಲದಲ್ಲಿ ನಾನು ನನ್ನ ಕಾರು ಒಯ್ಯಬೇಕಾಗಿ ಬಂತು. ಯಾಕೆ ಎಂದು ಹೇಳುತ್ತೇನೆ. ಈಗ ಹಗಲು, ಕಿಟಕಿ ತೆರೆದಿದೆ, ಹೊರಗೆ ಜನ ಓಡಾಡುತ್ತಿದ್ದಾರೆ, ಹೇಳಲು ಅಡ್ಡಿಯಿಲ್ಲ.

ನಾನು ಜೇವರ್ಗಿಯಲ್ಲಿದ್ದೇನೆ. ಅಂದೋಲಾ ಕಡೆಯ ಒಂದು ಶಾಲೆಯಲ್ಲಿ ಟೀಚರ್. ಹೋಗಿಬರಲು ಹಳೆಯ ಕಾರೊಂದನ್ನು ಹುಡುಕುತ್ತಿದ್ದಾಗ ಆಳಂದದಲ್ಲಿ ಒಂದು ಬಿಳಿ ಪೆಟ್ರೋಲ್ ಕಾರಿದೆ ಎಂದು ತಿಳಿಯಿತು. ಅದು ಅಲ್ಲಿಯ ಒಬ್ಬ ಮಾಸ್ತರರದು. ದಮ್ಮಿನ ಕಾಯಿಲೆಯಿಂದ ನರಳಿ ಅವರು ತೀರಿಕೊಂಡು ಕೆಲವು ತಿಂಗಳಾಗಿತ್ತು. ಅವರ ಹೆಂಡತಿಯನ್ನು ನಾನು ಮೊದಲ ದಿನದಿಂದಲೇ ಚಾಚಿ ಎಂದೆ. ಕಾರು ನೋಡಲು ಎಷ್ಟೋ ಜನ ಬಂದು ಹೋಗಿದ್ದರಂತೆ.

"ಬ್ಯಾರೆಯವ್ರಿಗಿ ಮನಸಾಗ್ಲಿಲ್ಲ ಬೇಟಿ. ಮಾಸ್ತರ್ ಗಾಡಿ ಟೀಚರ್ ಮನಿಗೇ ಹೋಗ್ಲಿ. ನೀ ತಗೊಂಡು ಹೋಗು" ಎಂದರು ಚಾಚಿ.

ನಾನು ಒಳಗೆ ಕೂತು ಕಾರು ಶುರು ಮಾಡಿದೆ. ಚಾಚಿ ಬಾನೆಟ್ಟಿನ ಮೇಲೆ ಕೈಯಿಟ್ಟು ಮೆಲ್ಲಗೆ, "ಸಂಭಾಳಿಸಿ ಹೋಗ್ರಿ" ಎಂದರು. ನಾನು ಹೂಂ ಎಂದು ತಲೆಯಾಡಿಸಿದೆ. ಊರು ದಾಟಿದ ಮೇಲೆ ಹೊಳೆಯಿತು. ಅಷ್ಟು ಹೊತ್ತೂ ನನ್ನನ್ನು ಬಾ, ಕೂಡು, ಹೋಗು ಎನ್ನುತ್ತಿದ್ದವರು ಕೊನೆಗೊಮ್ಮೆ ಹೋಗ್ರಿ ಎಂದರಲ್ಲ, ಆ 'ರಿ' ಯಾರಿಗೆ?

ಮೊದಲ ವಾರದಲ್ಲೇ ಕಾರು ಉಸಿರಾಡತೊಡಗಿತು. ನಗಬೇಡಿ. ನಿಂತಲ್ಲಿ ಎಂಜಿನ್ ಒಂದೇ ಸಮ ಗುರುಗುಟ್ಟಬೇಕಲ್ಲವೆ? ಇದು ಹಾಗಲ್ಲ. ಸದ್ದು ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಇನ್ನೇನು ನಿಂತೇಹೋಯಿತು ಎನ್ನುವಷ್ಟರಲ್ಲಿ ಒಂದು ಎಳೆತ: ಹುಸ್... ಮತ್ತೆ ಏರುತ್ತಿತ್ತು. ಮನೆಯಲ್ಲಿ ದಮ್ಮಿನವರನ್ನು ಕಂಡವರಿಗೆ ಆ ಸದ್ದು ಗೊತ್ತು.

ಒಂದು ಬೆಳಿಗ್ಗೆ ಶಾಲೆಗೆ ಹೊರಡಲು ಕಾರಿನಲ್ಲಿ ಕೂತಿದ್ದಾಗ ಚಾಚಿಯ ಫೋನು ಬಂತು. "ಗಾಡಿ ಹೆಂಗದ ಬೇಟಿ? ಮುಂಜಾನೆ ಥಂಡಿಗಿ ಭಾಳ ದಮ್ ಹತ್ತತದೇನು?"

ನಾನು ಯಾರಿಗೂ ಏನೂ ಹೇಳಿರಲಿಲ್ಲ. "ನಿಮಗ ಹ್ಯಾಂಗ ಗೊತ್ತಾಯ್ತು ಚಾಚಿ?"

"ಅವ್ರಿಗೂ ಮುಂಜಾನೇನೇ ಜಾಸ್ತಿ ಇತ್ತಲ್ಲ. ಇಬ್ರಿಗೂ ಒಂದೇ ತಿಂಗ್ಳಾಗ ಚಾಲೂ ಆಗಿತ್ತು ನೋಡು" ಎಂದರು ಚಾಚಿ, ಹಾಲು ಉಕ್ಕಿತು ಎನ್ನುವಷ್ಟು ಸಹಜವಾಗಿ.

ಫೋನು ಇಟ್ಟು ಕಾರಿನಿಂದಿಳಿದೆ. ಹಿಂದಿನ ಸೀಟಿನ ಕಡೆ ನೋಡಲಿಲ್ಲ. ಆ ದಿನ ಶಾಲೆಗೆ ಬಸ್ಸಿನಲ್ಲಿ ಹೋದೆ.

ಆಮೇಲೆ ಶುರುವಾಯಿತು ಬುರುಜಿನ ಕಾಟ. ಶಾಲೆಯ ದಾರಿ ನೇರ, ಎರಡೂ ಕಡೆ ಕರಿ ಎರೆಯ ಹೊಲ, ಕಣ್ಣು ಹರಿದಷ್ಟೂ ತೊಗರಿ. ನಡುವೆ ಒಂದೇ ಒಂದು ತಿರುವು. ಅಲ್ಲಿ ಹೊಲದೊಳಗೆ ಹಾಳುಬಿದ್ದ ಒಂದು ಕಲ್ಲಿನ ಬುರುಜು ನಿಂತಿದೆ. ಯಾವ ಕಾಲದ್ದೋ, ಯಾರನ್ನು ಕಾಯುತ್ತಿತ್ತೋ ಯಾರಿಗೂ ತಿಳಿಯದು. ಕಾರು ದಿನಾ ಸರಿಯಾಗಿ ಆ ಬುರುಜಿನ ಎದುರು ಬಂದು ಒಂದು ದೀರ್ಘ ಉಸಿರೆಳೆದು ನಿಲ್ಲುತ್ತಿತ್ತು. ಬೇರೆಲ್ಲೂ ಇಲ್ಲ, ಅಲ್ಲೇ! ಎಂಜಿನ್ ನಿಂತ ಕೂಡಲೇ ಸುತ್ತ ಒಣಗಿದ ತೊಗರಿಕಾಯಿಗಳ ಗಿಲಗಿಲ ಕೇಳಿಸುತ್ತಿತ್ತು. ಗಾಳಿಯಿಲ್ಲದಿದ್ದರೂ ಕೇಳಿಸುತ್ತಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಮಾಮಾ ಒಪ್ಪುವುದಿಲ್ಲ.

ಜೇವರ್ಗಿಯ ಒಬ್ಬ ಮೆಕ್ಯಾನಿಕ್ ಪ್ಲಗ್ ಬದಲಿಸಿದ. ಇನ್ನೊಬ್ಬ ಪೆಟ್ರೋಲ್ ಪಂಪು ಬಿಚ್ಚಿ ಕಟ್ಟಿದ. ಮೂರನೆಯವನು ಪುಟ್ಟ ಯಂತ್ರವೊಂದನ್ನು ಸಿಕ್ಕಿಸಿ, "ಕಂಪ್ಯೂಟರ್‌ನ್ಯಾಗ ಏನೂ ತಪ್ಪಿಲ್ರಿ ಮೇಡಂ" ಎಂದ. ಆಮೇಲೆ ಕಾರು ಉಸಿರಾಡುವುದನ್ನು ನಿಂತು ಕೇಳಿದ. ಕೇಳುತ್ತ ಕೇಳುತ್ತ ಎರಡು ಹೆಜ್ಜೆ ಹಿಂದೆ ಸರಿದು, "ಇದು ಮೊದ್ಲು ಯಾರದಿತ್ರಿ?" ಎಂದ. ಹೇಳಿದೆ. ಅವನು ಕೈ ತೊಳೆದುಕೊಂಡು ಬಂದು ಮುಂದಿನ ಗಾಲಿಗೆ ನಿಂಬೆಹಣ್ಣು ಕಟ್ಟಿಕೊಟ್ಟ.

"ಗಾಣಗಾಪುರಕ್ಕ ಒಯ್ರಿ" ಎಂದರು ನಮ್ಮ ಶಾಲೆಯವರೊಬ್ಬರು. "ಹಿಡ್ಕೊಂಡಿದ್ದು ಏನೇ ಇರ್ಲಿ, ಅಲ್ಲಿ ಬಿಡ್ತದ. ಮನುಷ್ಯಾರಿಗಿ ಬಿಡ್ತದಂದ್ರ ಗಾಡಿಗಿ ಬಿಡಂಗಿಲ್ಲೇನು?" ಈ ಸಲಹೆ ಕೊಟ್ಟವರು ಯಾರೆಂದುಕೊಂಡಿರಿ? ವಿಜ್ಞಾನದ ಮೇಷ್ಟ್ರು!

ನಾನು ನಕ್ಕುಬಿಟ್ಟಿದ್ದೆ. ಆದರೆ ಅದೇ ವಾರ ಬುರುಜಿನ ಎದುರು ಕಾರು ನಿಂತಾಗ ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಕನ್ನಡಿಯಲ್ಲಿ ಕಬ್ಬಿನ ರಾಶಿಯೊಂದೇ ಬೆಳೆಯುತ್ತ ಬೆಳೆಯುತ್ತ ಬಂತು. ಬ್ರೇಕು ಕಿರುಚಿತು. ಟ್ರ್ಯಾಕ್ಟರ್ ನನ್ನ ಕಾರಿನ ಹಿಂಬದಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಆ ಡ್ರೈವರ್ ಬೈಯಲೂ ಇಲ್ಲ. ನನ್ನ ಮುಖ ನೋಡಿ ನೀರಿನ ಬಾಟಲಿ ಕೊಟ್ಟ. ಸಂಜೆ ಅಮ್ಮನಿಗೆ ಫೋನು ಮಾಡಿದೆ. "ಆ ಗಾಡಿ ಗುಜರಿಗಿ ಹಾಕು, ಇಲ್ಲಾಂದ್ರ ನಿಮ್ಮ ಮಾಮಾಗ ತೋರ್ಸು" ಎಂದಳು ಅಮ್ಮ. ಗುಜರಿಗೆ ಹಾಕಿದರೆ ಚಾಚಿಗೆ ಏನೆಂದು ಹೇಳುವುದು? ಗಾಡಿ ಹೆಂಗದ ಎಂದು ಕೇಳಿದರೆ?

ಭಾನುವಾರ ಅಫಜಲಪುರಕ್ಕೆ ಹೊರಟೆ. ಸುತ್ತಾದರೂ ಗಾಣಗಾಪುರದ ಮೇಲೇ ಹೋದೆ. ಯಾಕೆಂದು ಕೇಳಬೇಡಿ, ವಿಜ್ಞಾನದ ಮೇಷ್ಟ್ರು ಹೇಳಿದ ಮೇಲೆ ನಮ್ಮಂಥ ಕನ್ನಡದ ಟೀಚರು ಏನು ಮಾಡಬೇಕು? ಕಾರು ನಿಲ್ಲಿಸಿ, ಎಂಜಿನ್ ಆರಿಸಿದರೆ ಮತ್ತೆ ಹತ್ತುವುದಿಲ್ಲವೆಂದು ಹೆದರಿ ಚಾಲೂ ಇಟ್ಟೇ, ಬಾಗಿಲ ಪಕ್ಕ ನಿಂತು ಗುಡಿಯ ದಿಕ್ಕಿಗೆ ಕೈಮುಗಿದೆ. ಮಧ್ಯಾಹ್ನದ ಆರತಿಯ ಗಂಟೆ ಕೇಳಿಸುತ್ತಿತ್ತು. ಅಷ್ಟರಲ್ಲಿ ಹೊಳೆಯ ಕಡೆಯಿಂದ ಒಬ್ಬ ಹೆಂಗಸು ಬಂದಳು. ಒದ್ದೆ ಸೀರೆ, ಬಿಚ್ಚಿದ ಕೂದಲು, ಹಿಂದೆ ಅವಳ ಮನೆಯವರು ಯಾರೋ ಓಡೋಡಿ ಬರುತ್ತಿದ್ದರು. ಅವಳು ನೆಟ್ಟಗೆ ನನ್ನ ಕಾರಿನ ಮುಂದೆ ಬಂದು ನಿಂತಳು. ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲಿಟ್ಟಳು. ಕಾರು ಏರಿ ಇಳಿಯುವುದಕ್ಕೆ ಸರಿಯಾಗಿ ಅವಳ ಹೆಗಲೂ ಏರಿ ಇಳಿದವು.

"ಇವ್ಗ ಉಸಿರಾಡಾಕ ಆಗವಲ್ದು," ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿನಿಂದ, "ಬಾಯಾಗಿನ ಅರಬಿ ತೆಗೀ ಬೇ!"

ಅವಳ ಮನೆಯವರು ಕೈಹಿಡಿದು ಕರೆದೊಯ್ದರು. "ಮನಸ್ಸಿಗಿ ಹಚ್ಕೋಬ್ಯಾಡ್ರಿ ಬಾಯಾರ" ಎಂದರು ಒಬ್ಬರು. ಹಚ್ಚಿಕೊಳ್ಳದೆ ಇರುವುದು ಹೇಗೆ? ಬಾಯಲ್ಲಿ ಬಟ್ಟೆ ಅಂದರೆ ಏನು? ಯಾರ ಬಾಯಲ್ಲಿ? ಅಫಜಲಪುರ ಮುಟ್ಟುವವರೆಗೂ ನಾನು ಕನ್ನಡಿ ನೋಡದೆ ಓಡಿಸಿದೆ. ಹಾಗೆ ಯಾರೂ ಓಡಿಸಬಾರದು.

ಮಾಮಾ ಅಂಗಳದಲ್ಲಿ ಕಾಯುತ್ತಿದ್ದರು. ಕುಶಲ ಗಿಶಲ ಏನಿಲ್ಲ. "ಬಂದ್ ಮಾಡಬ್ಯಾಡ. ಇಳಿ. ಮಾತಾಡಬ್ಯಾಡ," ಎಂದರು. ಬಾನೆಟ್ ಎತ್ತಿ ಪೈಪಿನ ತುದಿಯನ್ನು ಅಲ್ಲಲ್ಲಿ ಇಡುತ್ತ ಹೋದರು. ಬಾಗಿಲಲ್ಲಿ ನಿಂತ ಅತ್ತೆಗೆ ನಾನು ಮೆಲ್ಲಗೆ ಮಾಸ್ತರರ ಕಥೆ ಹೇಳಿದೆ. ಕೇಳಿದಷ್ಟೂ ಅತ್ತೆ ಹೊಸ್ತಿಲೊಳಗೆ ಸರಿಯುತ್ತಿದ್ದರು.

ಗಾಳಿ ಒಳಗೆ ಹೋಗುವ ದಪ್ಪ ಕೊಳವೆಯ ಹತ್ತಿರ ಬಂದಾಗ ಮಾಮಾ ನಿಂತರು. ಅಲ್ಲೊಂದು ಪುಟ್ಟ ಕಪ್ಪು ಡಬ್ಬಿ, ಅದಕ್ಕೆ ತಂತಿ. ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ಮೇಲೆ ಒಮ್ಮೆ ತಟ್ಟಿದರು. ನೆಂಟರ ಮನೆ ಬಾಗಿಲು ತಟ್ಟುವ ಹಾಗೆ, ಟಕ್.

ಕಾರು ಹುಸ್ ಎಂದು ಉಸಿರೆಳೆದುಕೊಂಡಿತು.

ಮಾಮಾ ಎರಡು ಸಲ ತಟ್ಟಿದರು. ಟಕ್, ಟಕ್.

ಹುಸ್. ಹುಸ್.

ನನ್ನ ಕೈಮೇಲಿನ ಕೂದಲು ನಿಮಿರಿ ನಿಂತವು. ಮಾಮಾನ ಮುಖದಲ್ಲಿ ಮಾತ್ರ ಹಳೆಯ ಗೆಳೆಯನನ್ನು ಕಂಡ ಸಂತೋಷ! ಕೊಳವೆಯ ಮೇಲೆ ಬಗ್ಗಿ, "ಮತ್ತ ಇಷ್ಟು ದಿನ ಯಾಕ ಹೇಳ್ಲಿಲ್ಲೋ?" ಎಂದರು. ಒಳಗೆ ಅತ್ತೆ ಬಾಗಿಲ ಅಗಳಿ ಹಾಕಿದ ಸದ್ದು ಕೇಳಿಸಿತು.

ಆಮೇಲೆ ಮಾಮಾ ಆ ಡಬ್ಬಿಯ ತಂತಿ ಕಿತ್ತರು. ಕಾರು ಸತ್ತೇಹೋಗುತ್ತದೆ ಎಂದುಕೊಂಡೆ. ಸಾಯಲಿಲ್ಲ. ಎಷ್ಟೋ ತಿಂಗಳಿನಿಂದ ಏರಿ ಇಳಿಯುತ್ತಿದ್ದ ಉಸಿರು ತಟ್ಟನೆ ಸಮವಾಯಿತು. ನಿದ್ದೆ ಹತ್ತಿದ ಕೂಸಿನ ಹಾಗೆ ಗುರುಗುರು ಎನ್ನತೊಡಗಿತು.

"ನೋಡಿದಿ? ಮೂಗು ಕಿತ್ರ ಆರಾಮದ. ಅಂದ್ರ ಮೂಗು ಸುಳ್ಳು ಹೇಳಾಕತ್ತದ," ಎಂದರು ಮಾಮಾ. ಅದರ ಹೆಸರು ಏರ್ ಫ್ಲೋ ಸೆನ್ಸರ್. ಅದರೊಳಗೆ ಕೂದಲಿಗಿಂತ ಸಣ್ಣ ತಂತಿ ಇದೆ, ಅದು ಸದಾ ಕಾದಿರುತ್ತದೆ. ಒಳಗೆ ಹೋಗುವ ಗಾಳಿ ಅದನ್ನು ತಣಿಸುತ್ತದೆ. ಎಷ್ಟು ತಣಿಯಿತು ಎಂಬುದರ ಮೇಲೆ ಎಷ್ಟು ಗಾಳಿ ಹೋಯಿತು ಎಂದು ಲೆಕ್ಕ ಹಾಕಿ ಗಾಡಿ ಅಷ್ಟಕ್ಕೇ ಪೆಟ್ರೋಲು ಬಿಡುತ್ತದೆ. ತಂತಿಗೆ ಕೊಳೆ ಮೆತ್ತಿಕೊಂಡರೆ ಲೆಕ್ಕ ತಪ್ಪುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ.

"ಹಂಗಂದ್ರ ಬುರುಜಿನ ಮುಂದೇ ಯಾಕ ನಿಂದ್ರತದ ಮಾಮಾ?"

"ಆ ದಾರಿಯಾಗ ತಿರುವು ಎಷ್ಟವ?"

"ಒಂದೇ."

"ಮತ್ತ? ಜೋರು ಓಡಿಸ್ಕೋತ ಬಂದು ನೀ ಎಕ್ಸಲೇಟರ್ ಮ್ಯಾಲಿನ ಕಾಲು ಎತ್ತೋದು ಅದೊಂದೇ ಕಡಿ. ಕಾಲೆತ್ತಿದ ಕೂಡ್ಲೆ ಇದರ ಲೆಕ್ಕ ತಪ್ಪತದ, ಬಂದ್ ಬೀಳ್ತದ. ಈಗಂತೂ ಹೆದ್ರಿ ಇನ್ನೂ ಮೊದ್ಲೇ ಎತ್ತತಿರಬೇಕು."

ಎತ್ತುತ್ತಿದ್ದೆ. ಒಪ್ಪಿಕೊಳ್ಳಲು ನಾಚಿಕೆಯಾಯಿತು. ದೆವ್ವ ಇರಲಿಲ್ಲ ಎಂಬುದಕ್ಕಿಂತ, ಅಷ್ಟು ದಿನ ಅದಕ್ಕೆ ನಾನೇ ಸಹಾಯ ಮಾಡುತ್ತಿದ್ದೆ ಎಂಬುದು ಹೆಚ್ಚು ಬೇಸರ ತಂದಿತು.

"ಇದಕ್ಕ ಕೊಳಿ ಎಲ್ಲಿಂದ ಬಂತು? ಮುಂದ ಫಿಲ್ಟರ್ ಇರ್ತದಲ್ಲ," ಎಂದು ಗೊಣಗುತ್ತ ಮಾಮಾ ಎಂಜಿನ್ ಆರಿಸಿದರು. ಫಿಲ್ಟರಿನ ಪೆಟ್ಟಿಗೆಯ ಕ್ಲಿಪ್ಪುಗಳನ್ನು ಬಿಡಿಸಿ ಮುಚ್ಚಳ ಎತ್ತಿದರು. ಎತ್ತಿದವರು ಬೆರಳು ಮಡಚಿ ನನ್ನನ್ನು ಹತ್ತಿರ ಕರೆದರು.

ಒಳಗೆ ಫಿಲ್ಟರ್ ಇರಲಿಲ್ಲ. ಅದರ ಜಾಗದಲ್ಲಿ ನಾಲ್ಕೂ ಮೂಲೆ ಎಳೆದು ಅಚ್ಚುಕಟ್ಟಾಗಿ ಹಾಸಿದ ಒಂದು ಕರವಸ್ತ್ರವಿತ್ತು.

ಬಿಳಿಯದ್ದಿರಬೇಕು, ಧೂಳು ಕುಡಿದು ಎರೆಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂಚಿಗೆ ಹಸಿರು ದಾರ, ಒಂದು ಮೂಲೆಯಲ್ಲಿ ಕೈಯಲ್ಲಿ ಹಾಕಿದ ಪುಟ್ಟ ಹೂ. ನಡುವೆ ಅಂಗೈಯಗಲದ ತೂತು. ಕಾರು ಆ ಬಟ್ಟೆಯನ್ನು ಎಳೆಎಳೆಯಾಗಿ ಒಳಗೆ ಸೇದಿಕೊಂಡಿತ್ತು. ಮಾಮಾ ಸೆನ್ಸರ್ ಬಿಚ್ಚಿ ಬಿಸಿಲಿಗೆ ಹಿಡಿದರು. ಆ ತಂತಿಯ ಮೇಲೆ, ಬೆರಳಿಗೆ ಸುತ್ತಿದ ಹಾಗೆ, ನಾಲ್ಕೈದು ನೂಲಿನ ಎಳೆಗಳು ಸುತ್ತಿಕೊಂಡಿದ್ದವು.

ನಾನು ಕಲ್ಲಿನ ಮೇಲೆ ಕೂತುಬಿಟ್ಟೆ. ಗಾಣಗಾಪುರದ ಹೆಂಗಸು ಹೇಳಿದ್ದನ್ನು ಮಾಮಾಗೆ ಹೇಳಿದೆ, ಅವಳ ಮಾತಿನಲ್ಲೇ. ಮಾಮಾ ಸೆನ್ಸರನ್ನೂ ಕರವಸ್ತ್ರವನ್ನೂ ಬಹಳ ಹೊತ್ತು ನೋಡಿದರು. ಇಡೀ ಬದುಕಿನಲ್ಲಿ ಮೊದಲ ಸಲ ಅವರಿಗೆ ಸ್ಕ್ರೂ ಎಲ್ಲಿದೆ ಎಂದು ತಿಳಿಯಲಿಲ್ಲ ಅನಿಸುತ್ತದೆ. ಕೊನೆಗೆ ಕೇಳಿದರು:

"ಆಕಿ ಯಾವ ಡಿಪೋದಾಕಿ?"

ಸೆನ್ಸರಿನ ತಂತಿಯನ್ನು ಬೆರಳಿನಿಂದ ಮುಟ್ಟುವಂತಿಲ್ಲ. ಮಾಮಾ ಅದಕ್ಕೆಂದೇ ಇರುವ ಸ್ಪ್ರೇ ಹೊಡೆದು, ನೂಲುಗಳು ತಾವಾಗಿ ಕಳಚಿ ಬೀಳುವವರೆಗೂ ಕಾದು, ಒಣಗಿಸಿ ಮತ್ತೆ ಅದರ ಜಾಗದಲ್ಲಿ ಕೂರಿಸಿದರು. ಹೊಸ ಫಿಲ್ಟರ್ ಹಾಕಿದರು. ಉಸಿರು ಅರ್ಧ ಸುಧಾರಿಸಿತು. ಆದರೆ ತಟ್ಟಿದರೆ ಇನ್ನೂ ಸಣ್ಣಗೆ ಹುಸ್ ಎನ್ನುತ್ತಿತ್ತು. "ಒಳಗ ಬೆಸುಗಿ ಬಿಟ್ಟದ. ಇದು ಉಳಿಯಂಗಿಲ್ಲ," ಎಂದರು. ಮರುದಿನ ಕಲಬುರಗಿಯಿಂದ ಬಸ್ಸಿನಲ್ಲಿ ಹೊಸ ಸೆನ್ಸರ್ ಬಂತು. ಹಾಕಿದ ಮೇಲೆ ಮಾಮಾ ಹತ್ತು ಸಲ ತಟ್ಟಿದರು. ಒಳಗಿನಿಂದ ಯಾರೂ ಉತ್ತರ ಕೊಡಲಿಲ್ಲ.

"ಬುರುಜಿಗಿ ನಡಿ," ಎಂದರು.

ನಾವು ಅಲ್ಲಿ ಮುಟ್ಟಿದಾಗ ಇಳಿಬಿಸಿಲು. ತಿರುವಿನಲ್ಲಿ ಮಾಮಾ, "ಎತ್ತು ಕಾಲು" ಎಂದರು. ಎತ್ತಿದೆ. ಕಾರು ನಿಲ್ಲಲಿಲ್ಲ. ಮೆಲ್ಲಗೆ, ಸಮನಾಗಿ ಬುರುಜನ್ನು ದಾಟಿತು. ಮಾಮಾ ಅಲ್ಲೇ ನಿಲ್ಲಿಸಲು ಹೇಳಿ, ತಾವೇ ಬಗ್ಗಿ ಕೀಲಿ ತಿರುವಿ ಎಂಜಿನ್ ಆರಿಸಿದರು. ಎಲ್ಲ ಸ್ತಬ್ಧ. ಆ ಸ್ತಬ್ಧದೊಳಗೆ ನನಗೆ ಕೇಳಿಸಿತು: ಹುಸ್... ಹುಸ್...

"ಮಾಮಾ! ಗಾಡಿ ಬಂದ್ ಅದ, ಆದ್ರೂ ಉಸಿರು..."

ಮಾಮಾ ಪೈಪಿನ ತುದಿಯನ್ನು ಸುತ್ತ ತಿರುಗಿಸುತ್ತ ತಂದು ನನ್ನ ಮೂಗಿನ ಮುಂದೆ ಹಿಡಿದರು. "ನಿಂದೇ ಅದ. ಬಿಡು, ಹೊರಗ ಬಿಡು."

ಅದೇ ವಾರ ಆಳಂದಕ್ಕೆ ಹೋದೆವು. ಕರವಸ್ತ್ರವನ್ನು ಅತ್ತೆ ಸೋಪಿನಲ್ಲಿ ಒಗೆದು ಮಡಚಿ ಕೊಟ್ಟಿದ್ದರು. ದಾರಿಯುದ್ದಕ್ಕೂ ಮಾಮಾ ಉರಿಯುತ್ತಿದ್ದರು. "ಫಿಲ್ಟರ್ ತೆಗೆದು ಅರಬಿ ಹಾಕ್ತಾರೇನು? ಇಷ್ಟು ಓದಿದ ಮಾಸ್ತರ್! ಇವ್ರು ಮಾಡಿದ್ದಕ್ಕ ಎಂಜಿನ್ ಹೋಗ್ತಿತ್ತು. ನಿನ್ನ ಜೀವಾ ಹೋಗ್ತಿತ್ತು. ಆಯಮ್ಮಗ ಹೇಳೇ ಹೇಳ್ತೇನಿ." ಮಾಮಾ ಹೇಳುವವರೇ. ನನಗೆ ದಾರಿ ಮುಗಿಯುವುದೇ ಬೇಡವಾಗಿತ್ತು.

ಚಾಚಿ ಕರವಸ್ತ್ರ ನೋಡಿದ ಕೂಡಲೇ ಗುರುತಿಸಿದರು. ಹೂವಿನ ಮೇಲೆ ಬೆರಳಾಡಿಸಿದರು. "ಇದು ಎಲ್ಲಿತ್ತು? ಅವ್ರು ಹೋದ ಮ್ಯಾಲೆ ಎಲ್ಲಾ ಪೆಟ್ಟಿಗಿ ತೆಗೆದು ನೋಡಿದೆ."

ನಾನು ಹೇಳಿದೆ. ಚಾಚಿ ಮಡಿಕೆ ಬಿಡಿಸಿ ನಡುವಿನ ತೂತು ನೋಡಿದರು.

"ಒಂದಿನ ಅಂದಿದ್ರು," ಎಂದರು ಆಮೇಲೆ. "ಆ ಫಿಲ್ಟರ್ ದಪ್ಪ ಅದ, ಅದಕ್ಕೇ ಗಾಡಿಗಿ ದಮ್ ಹತ್ತತದ, ಪಾಪ. ನನಗಂತೂ ಉಸಿರಾಡಾಕ ಆಗವಲ್ದು, ಇದಾದ್ರೂ ಆರಾಮಾಗಿ ಆಡ್ಲಿ, ಅಂತ. ನಾ ನಕ್ಕಿದ್ದೆ." ಮಾಮಾನ ಕಡೆ ತಿರುಗಿದರು. "ಭಾಯ್‌ಸಾಬ್, ನೀವು ತಿಳಿದವ್ರು. ಖರೆ ಹೇಳ್ರಿ. ಅವ್ರು ಹಿಂಗ ಮಾಡಿದ್ದಕ್ಕೇ ಗಾಡಿ ಕೆಡ್ತೇನು?"

ನಾನು ಉಸಿರು ಬಿಗಿಹಿಡಿದೆ. ಮಾಮಾ ಬಾಯಿ ತೆರೆದರು. ಮುಚ್ಚಿದರು. ಹೊರಗೆ ನಿಂತ ಕಾರಿನ ಕಡೆ ನೋಡಿದರು.

"ಇಲ್ರಿ ಅಕ್ಕಾರ," ಎಂದರು. "ಮಾಸ್ತರ್ ಆ ಅರಬಿ ಹಾಕಿದ್ದಕ್ಕೇ ಇಷ್ಟು ದಿನ ನಡದದ. ಇಲ್ಲಾಂದ್ರ ಎಂದೋ ನಿಂತುಹೋಗ್ತಿತ್ತು."

ಚಾಚಿ ಕರವಸ್ತ್ರವನ್ನು ಎದೆಗೊತ್ತಿಕೊಂಡು, "ನನಗೂ ಹಂಗೇ ಅನಸ್ತಿತ್ತು" ಎಂದರು. ಆಮೇಲೆ ಚಾ ಇಡಲು ಒಳಗೆ ಹೋದರು.

ವಾಪಸ್ಸು ಬರುವಾಗ ಊರು ದಾಟಿದ ಮೇಲೆ ಕಾರು ಮೆಲ್ಲಗೆ ಮಾಡಿದೆ. ನಾನು ಅವರ ಮುಖ ನೋಡಿದೆ.

"ಏನ್ ನೋಡ್ತಿ?" ಎಂದರು ಮಾಮಾ, ಕಿಟಕಿಯ ಕಡೆ ತಿರುಗಿಕೊಂಡು. "ಮುಂದ ನೋಡಿ ಓಡ್ಸು ಬೇ."